ವಾಯರ್ ಹೂಳುವ ನೇಗಿಲು

ಬೇಡಕಿಹಾಳ, ನವೆಂಬರ್ 14, ಶುಕ್ರವಾರ

ನೇಗಿಲೇನೋ ಕೆಲಸ ಮಾಡಿತು. ಆದರೂ ಮನಸ್ಸು ತಿಳಿಯಾಗಿಲ್ಲ.

ಹೋದ ಮಳೆಗಾಲದಲ್ಲಿ ತಮ್ಮ ದುಂಡೇಶ ಕಬ್ಬಿನೊಳಗೆ ಬಿದ್ದಿದ್ದ ಮೋಟರಿನ ವಾಯರ್ ತುಳಿದು ಸತ್ತ. ಅಂದಿನಿಂದ ನನಗೆ ಒಂದೇ ಹಟ, ನಮ್ಮ ಹೊಲದಲ್ಲಿ ವಾಯರ್ ನೆಲದ ಮೇಲೆ ಕಾಣಬಾರದು. ಹಳೇ ನೇಗಿಲಿನ ಚೌಕಟ್ಟಿಗೆ ದಪ್ಪ ಪಟ್ಟಿಯ ಕುಡ ವೆಲ್ಡಿಂಗ್ ಮಾಡಿಸಿ, ಅದರ ಬೆನ್ನಿಗೆ ಬಾಗಿದ ಪೈಪು ಕೂಡಿಸಿದೆ. ಟ್ರ್ಯಾಕ್ಟರ್ ಎಳೆದಂತೆ ಕುಡ ನೆಲ ಸೀಳುತ್ತದೆ, ಪೈಪಿನೊಳಗಿಂದ ವಾಯರ್ ಇಳಿದು ಮಣ್ಣಿನಡಿ ಮಲಗುತ್ತದೆ.

ಇವತ್ತು ಕಬ್ಬು ಕಡಿದ ಹೊಲದಲ್ಲಿ ನಾನು ಟ್ರ್ಯಾಕ್ಟರ್ ಹೊಡೆದೆ. ಹೆಂಡತಿ ಮನೀಷಾ ಹಿಂದೆ ವಾಯರ್ ಬಿಡುತ್ತ ನಡೆದಳು. ಕಂಬದಿಂದ ಬಾವಿ ಕಡೆಗೆ ಸಲೀಸಾಗಿ ಹೊರಟಿತು. ನಡುವೆ, ಬದುವಿನ ಪಕ್ಕ ದುಂಡೇಶನ ಸಮಾಧಿ. ಅಲ್ಲಿ ಅವ್ವ ಅಡ್ಡ ನಿಂತಳು.

“ಅವನ್ನ ತಿಂದ ವಾಯರ್ ಅವನ ಮಗ್ಗಲಕ್ಕ ಹೂಳ್ತಿಯೇನೋ? ಅಲ್ಲಿನೂ ಅವಂಗ ಸುಖ ಬ್ಯಾಡೇನು?”

“ಬ್ಯಾರೆ ದಾರಿ ಇಲ್ಲವ್ವಾ. ಆಚೀಕಡೆ ಮಂದಿ ಹೊಲ ಐತಿ.”

“ಹಂಗಾರ ನನ್ನ ಮ್ಯಾಲ ಹಾಯಿಸ್ಕೊಂಡ ಹೋಗ.”

ಕುಡ ಎತ್ತಿದೆ. ಸಮಾಧಿ ದಾಟುವ ತನಕ ವಾಯರನ್ನು ಹುಲ್ಲಿನ ಮೇಲೆಯೇ ಬಿಟ್ಟು, ಮುಂದೆ ಮತ್ತೆ ಇಳಿಸಿದೆ. ಅವ್ವ ಮನೆಗೆ ಹೋದಳು.

“ಇಷ್ಟು ಹಿಂಗ ಬಿಡೋದೇನ್ರಿ?” ಎಂದಳು ಮನೀಷಾ. ನಾನು ಟ್ರ್ಯಾಕ್ಟರ್ ಬಾವಿ ಕಡೆಗೆ ಹೊಡೆದೆ.

ವಾಯರಿಗೆ ಕರೆಂಟು ಹರಿಯದಂತೆ ಕಂಬದ ಫ್ಯೂಜು ಕಿತ್ತು ತಂದು ದಿಂಬಿನಡಿ ಇಟ್ಟುಕೊಂಡಿದ್ದೇನೆ. ಕಡಿದ ಬುಡದಿಂದ ಚಿಗುರುವ ಕುಳೆ ಕಬ್ಬಿಗೆ ನೀರು ಬೇಕು, ಎಷ್ಟು ದಿನ ಹೀಗೆ ಇಟ್ಟುಕೊಳ್ಳಲಿ? ಆ ಹುಲ್ಲಿನಲ್ಲಿ ದಿನಾ ಬೆಳಿಗ್ಗೆ ಬರಿಗಾಲಲ್ಲಿ ಓಡಾಡುವವಳು ಒಬ್ಬಳೇ. ಮಗನಿಗೆ ಹೂವಿಡಲು ಹೋಗುವ ಅವ್ವ...