ಐವರು ಓಡಿದರೆ ಅದು ಓಟವಲ್ಲವೇ?

ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರೇ,

ಸಣ್ಣ ಖಾಸಗಿ ಕಾಲೇಜುಗಳಿಗೆ ಆಸಕ್ತಿಯೇ ಇಲ್ಲ, ಅದಕ್ಕೇ ಗುಡ್ಡಗಾಡು ಓಟಕ್ಕೆ ಗಟ್ಟಿ ತಂಡ ಕಟ್ಟುವುದಿಲ್ಲ ಎಂದು ತಾವು ಹಾಸನದ ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ತಮ್ಮ ಪಕ್ಕದಲ್ಲಿ ಅಲ್ಲಿನ ದೊಡ್ಡ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಗೋಡಂಬಿ ಮೆಲ್ಲುತ್ತ ತಲೆದೂಗುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ನನಗೆ ಹೊಟ್ಟೆ ಉರಿಯಿತು. ಇದನ್ನು ಓದಿ ತಾವು ಹೇಗೂ ‘ಬರೀ ಹೊಟ್ಟೆಕಿಚ್ಚು’ ಎನ್ನುತ್ತೀರಿ. ಹೌದು, ಹೊಟ್ಟೆಕಿಚ್ಚೇ. ಆದರೆ ಅದು ಸುಮ್ಮನೆ ಹತ್ತಿಕೊಂಡದ್ದಲ್ಲ.

ಅವರಿಗೆ ಹಾಸ್ಟೆಲ್ ಇದೆ, ಮೊಟ್ಟೆ ಇದೆ, ಮುಳ್ಳಿನ ಶೂಗಳಿವೆ, ಓಟವನ್ನಷ್ಟೇ ಕಲಿಸುವ ತರಬೇತುದಾರರಿದ್ದಾರೆ. ಹೊಳೆನರಸೀಪುರದ ನಮ್ಮ ಸಣ್ಣ ಕಾಲೇಜಿನಲ್ಲಿ ನಾನೊಬ್ಬನೇ ನಾಲೆಯ ಏರಿ ಮೇಲೆ ಓಟ ಕಲಿಸಿ, ಗ್ರಂಥಾಲಯದ ಬೀಗ ತೆಗೆದು, ಪರೀಕ್ಷೆ ಬಂದರೆ ಡೆಸ್ಕುಗಳಿಗೆ ನಂಬರ್ ಅಂಟಿಸುತ್ತೇನೆ. ಅದೂ ಹೋಗಲಿ. ಬೆಳಗಿನ ಆರಕ್ಕೆ ಅಭ್ಯಾಸ ಶುರುವಾಗಬೇಕೆಂದು ತಮ್ಮ ಸುತ್ತೋಲೆ ಹೇಳುತ್ತದೆ. ಆ ಹೊತ್ತಿಗೆ ನಮ್ಮ ಓಟಗಾರ್ತಿಯರು ಹಸುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ತಡವಾದರೆ ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ. ತಮ್ಮ ಸುತ್ತೋಲೆಯ ಒಂದು ಪ್ರತಿಯನ್ನು ಡೈರಿಗೂ ಕಳಿಸಬಾರದಿತ್ತೇ?

ಹಳ್ಳಿಮೈಸೂರಿನ ಕವನಾ ನಮ್ಮ ಮೊದಲ ವರ್ಷದ ವಿದ್ಯಾರ್ಥಿನಿ. ಬಸ್ಸಿಗೆ ಓಡಿದ್ದನ್ನು ನೋಡಿಯೇ ಅವಳನ್ನು ಆರಿಸಿದೆ. ಒಪ್ಪಿಗೆ ಕೇಳಲು ಮನೆಗೆ ಹೋದಾಗ ಅವಳ ತಾಯಿ ಪಾರ್ವತಮ್ಮ ಕೈಗೆ ಪಟ್ಟಿ ಕಟ್ಟಿಕೊಂಡಿದ್ದರು.

“ಓಡ್ಲಿ ಸಾ, ಬ್ಯಾಡ ಅನ್ನಾಕಿಲ್ಲ. ನಾ ಕೈ ಮುರ್ಕಂಡ್ ಕುಂತಿವ್ನಿ. ಆಲ್ ಕರೆಯೋರ್ ಯಾರು? ನೀವ್ ಬಂದ್ ಕರೀತೀರಾ?”

ಆಕೆ ತಮಾಷೆಗೆ ಕೇಳಿದ್ದು. ನಾನು ಕರೆದೆ. ಆ ಮಳೆಗಾಲ ಪೂರ್ತಿ ನಾನು ಅವರ ಹಸು ಕರೆದು ಕ್ಯಾನನ್ನು ಡೈರಿಗೆ ಮುಟ್ಟಿಸಿದೆ, ಅವಳು ಏರಿ ಮೇಲೆ ಓಡಿದಳು. ಹಸು ಎರಡು ಸಲ ಒದ್ದಿತು. ಇದಕ್ಕೆ ಆಸಕ್ತಿ ಎನ್ನಬಹುದೋ ಇಲ್ಲವೋ ತಾವೇ ತೀರ್ಮಾನಿಸಿ.

ಜಿಲ್ಲಾ ಮಟ್ಟದ ಓಟದಲ್ಲಿ ಕವನಾ ಎಲ್ಲರಿಗಿಂತ ಮೊದಲು ಬಂದಳು. ಕೂಡಲೇ ದೊಡ್ಡ ಕಾಲೇಜಿನ ಜೀಪು ಹಳ್ಳಿಮೈಸೂರಿಗೆ ಬಂತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ಹೋಗಬೇಡ ಎಂದು ಅವಳನ್ನು ಕೇಳಿಕೊಂಡೆ.

“ಅಲ್ಲಿ ಓಡ್ ಬಂದ್ಮೇಲೆ ಮಲೀಕಬೌದಂತೆ ಸಾ,” ಎಂದಳು, ನೆಲ ನೋಡುತ್ತ.

ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ನಿದ್ದೆ ಮಾಡಲಿ. ಒಂದು ಹುಡುಗಿಗೆ ಒಂದು ಗಂಟೆ ನಿದ್ದೆ ಕೊಡುವ ಶಕ್ತಿ ಆ ನಿರ್ದೇಶಕರಿಗಿದೆ, ನನಗಿಲ್ಲ. ಅಸೂಯೆ ಅದಕ್ಕೆ.

ತಂಡವೆಂದರೆ ಆರು ಜನ ಎಂದು ತಮ್ಮ ನಿಯಮ. ಅವಳು ಹೋದಾಗ ವಿಶ್ವವಿದ್ಯಾಲಯದ ಓಟಕ್ಕೆ ಹೆಸರು ಕೊಡುವ ಗಡುವು ಮುಗಿದಿತ್ತು, ನಮ್ಮಲ್ಲಿ ಐವರು ಉಳಿದರು. ಅರಕಲಗೂಡಿನ ಸಣ್ಣ ಕಾಲೇಜಿನಿಂದ ಮೂವರು, ಚನ್ನರಾಯಪಟ್ಟಣದಿಂದ ಇಬ್ಬರು ಬಂದಿದ್ದರು. ಎಲ್ಲರೂ ಓಡಿದರು. ಹಾಸನ ತಂಡದ ಇಬ್ಬರು ನಮ್ಮ ಕೊನೆಯವಳಿಗಿಂತ ಹಿಂದೆ ಗೆರೆ ಮುಟ್ಟಿದರು. ಗೆದ್ದದ್ದು ಹಾಸನ. ತಂಡಗಳ ಹೆಸರು ಓದುವಾಗ ಮೈಕಿನಲ್ಲಿ ನಮ್ಮ ಕಾಲೇಜು ಬರಲೇ ಇಲ್ಲ. ಆರು ಜನರಿಲ್ಲದಿದ್ದರೆ ತಂಡವಿಲ್ಲ, ತಂಡವಿಲ್ಲದಿದ್ದರೆ ಫಲಿತಾಂಶವೂ ಇಲ್ಲ ಎಂದರು ತಮ್ಮ ಸಿಬ್ಬಂದಿ.

ನನ್ನ ಬೇಡಿಕೆ ಇಷ್ಟೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಣ್ಣ ಕಾಲೇಜುಗಳು ಸೇರಿ ಒಂದೇ ತಂಡವಾಗಿ ಓಡಲು ಮುಂದಿನ ಸಲ ಅನುಮತಿ ಕೊಡಿ. ಆ ನಿರ್ದೇಶಕರು ಗೋಡಂಬಿ ಪಕ್ಕಕ್ಕಿಟ್ಟು, ಮುಗಿಯುವ ಗೆರೆಯ ಬಳಿ ಒಮ್ಮೆಯಾದರೂ ಬೆವರುವುದನ್ನು ನಾನು ನೋಡಬೇಕು. ಸಣ್ಣ ಆಸೆ ಎಂದು ಗೊತ್ತು.

ಆಗುವುದಿಲ್ಲವೆಂದಾದರೆ ದಯವಿಟ್ಟು ಒಂದು ಬೆಳಿಗ್ಗೆ ನಮ್ಮ ಏರಿಗೆ ಬನ್ನಿ. ಆವತ್ತು ಬಹುಮಾನ ಹಂಚಿ ಮುಗಿದ ಮೇಲೆ ಪ್ರತಿಭಾ ಎಂಬ ಹುಡುಗಿ, ನಮ್ಮ ಐವರಲ್ಲಿ ಕೊನೆಯವಳು, ನನ್ನ ಬಳಿ ಬಂದು ಕೇಳಿದಳು: “ಸಾ, ಅಂಗಾದ್ರೆ ನಾವ್ ಓಡ್ಲಿಲ್ವಾ?”

ನಿಯಮ ಬರೆದವರು ತಾವು. ಉತ್ತರವನ್ನೂ ಅವಳಿಗೆ ತಾವೇ ಹೇಳಿ.

ಇಂತಿ, ಹೊಟ್ಟೆ ಉರಿದುಕೊಂಡೇ ಇರುವ,
ತಂಡವಿಲ್ಲದ ತರಬೇತುದಾರ
ಗೌರೀಶಂಕರ
ಹೊಳೆನರಸೀಪುರ