ಕೀವಿಲ್ಲದ ಗಾಯ

ಮೊಂಡುಮೂತಿಯ ಮೊಮ್ಮಗಳೇ,

ನನಗೆ ನೆಗಡಿಯೆಂದು ಆಸ್ಪತ್ರೆಯವರು ನಿನ್ನ ಕೋಣೆಯೊಳಗೆ ಬಿಡುತ್ತಿಲ್ಲ. ಫೋನು ಹಿಡಿದರೆ ಅಳು ಬರುತ್ತದೆ, ನಿನಗೋ ಬಾಯೆಲ್ಲ ಹುಣ್ಣು. ಅದಕ್ಕೇ ದಪ್ಪಕ್ಷರದಲ್ಲಿ ಬರೆದು, ಹಾಳೆಗಳನ್ನು ಒಂದೊಂದಾಗಿ ಕೋಣೆಯ ಗಾಜಿಗೆ ಒತ್ತಿ ಹಿಡಿಯುತ್ತೇನೆ. ಒತ್ತು, ದೀರ್ಘ ತಪ್ಪಿದ್ದರೆ ನಗು. ನೀನು ನಕ್ಕಷ್ಟೂ ನನಗೆ ಲಾಭ.

ರಕ್ತದ ಕಾಯಿಲೆಗೆ ಔಷಧಿ ಏರಿಸಿಕೊಂಡು ಮನೆಗೆ ಬಂದವಳು ಸುಮ್ಮನೆ ಮಲಗಿದೆಯಾ? ಹೊಲಿಗೆ ಯಂತ್ರದ ಮುಂದೆ ಕೂತೆ, ಸೂಜಿ ಹೆಬ್ಬೆರಳಿಗೇ ಇಳಿಯಿತು. "ಬಟ್ಟೆ ಹೊಲಿಯೇ ಅಂದ್ರೆ ಬೆರಳು ಹೊಲ್ಕೊಂಡ್ಯಲ್ಲೇ!" ಎಂದು ನಾನು ಬೈದೆ. ಆಮೇಲೆ ದಿನವೂ ಪಟ್ಟಿ ಬಿಚ್ಚಿ ನೋಡಿದೆ. ನೋವಿತ್ತು, ಆದರೆ ಒಂದು ಹನಿ ಕೀವಿರಲಿಲ್ಲ. "ನಮ್ಮ ಹುಡುಗೀದು ಗಟ್ಟಿ ಮೈ" ಎಂದು ಪಕ್ಕದ ಮನೆಯವಳ ಮುಂದೆ ಬೀಗಿದೆ. ಅಂದೇ ಸಂಜೆ ನೀನು ಚಳಿಜ್ವರದಲ್ಲಿ ಮುದುರಿ ಬಿದ್ದೆ.

ಇಲ್ಲಿನ ಡಾಕ್ಟರಮ್ಮ, ನಿನ್ನ ವಯಸ್ಸಿನವಳೇ, ನನ್ನನ್ನು ಕೂರಿಸಿ ಹೇಳಿದಳು: "ಅಜ್ಜೀ, ಕೀವು ಅಂದ್ರೆ ಹೊಡೆದಾಡಿ ಸತ್ತ ಬಿಳಿ ರಕ್ತಕಣಗಳು. ಔಷಧಿ ಇವಳ ಬಿಳಿ ಕಣಗಳನ್ನೂ ತೆಗೆದುಬಿಟ್ಟಿದೆ. ಕೀವಾಗೋಕೆ ಸಾಯೋರಾದ್ರೂ ಇರ್ಬೇಕಲ್ಲ?"

ಆ ಕಣಗಳು ಎಲುಬಿನೊಳಗೆ ಹುಟ್ಟುತ್ತವಂತೆ. ರೋಗಾಣು ಎಲ್ಲಿ ಹೊಕ್ಕಿತೋ ಅಲ್ಲಿಗೆ ವಾಸನೆ ಹಿಡಿದು ಓಡುತ್ತವಂತೆ, ರಕ್ತನಾಳದ ಗೋಡೆಯ ಸಂದಿನಲ್ಲಿ ನುಸುಳಿ ಅದನ್ನು ಇಡಿಯಾಗಿ ನುಂಗುತ್ತವಂತೆ, ನುಂಗಿ ತಾವೂ ಸಾಯುತ್ತವಂತೆ. ಇಷ್ಟು ವರ್ಷ ಅವುಗಳ ಹೆಣವನ್ನು ಹೊಲಸೆಂದು ಮೂಗು ಮುಚ್ಚಿಕೊಂಡು ಒರೆಸಿ ಎಸೆದವಳು ನಾನು.

ಈಗ ಅವು ಮತ್ತೆ ಹುಟ್ಟಲೆಂದು ಇಂಜೆಕ್ಷನ್ ಕೊಡುತ್ತಿದ್ದಾರೆ. ಜ್ವರ ಇಳಿದಿಲ್ಲ. "ಕಾಯೋಣ ಅಜ್ಜೀ" ಎನ್ನುತ್ತಾಳೆ ಡಾಕ್ಟರಮ್ಮ. ಕಾದೂ ಕಾದೂ ನಿನ್ನಮ್ಮನನ್ನು ಕಳೆದುಕೊಂಡವಳು ನಾನು. ಇನ್ನೊಮ್ಮೆ ನನ್ನ ಕೈಲಾಗದು ಕಣೇ. ನನ್ನ ಮೈಯಲ್ಲಿ ಆ ಕಣಗಳು ಬೇಕಾದಷ್ಟಿವೆ, ಬರೀ ನೆಗಡಿಗೇ ಮೂಗಲ್ಲಿ ಹಳದಿ ಸುರಿಯುತ್ತಿದೆ. ತೆಗೆದುಕೊಳ್ಳಿ ಎಂದು ತೋಳು ಚಾಚಿದೆ. "ಹಾಗೆಲ್ಲ ಆಗಲ್ಲ ಅಜ್ಜೀ" ಅಂದಳು. ಸಾಯಬೇಕಾದ ಮುದುಕಿಗೆ ಇಷ್ಟೊಂದು ಕಾವಲು, ನಿನಗೆ ಒಬ್ಬನೂ ಇಲ್ಲ. ಇದ್ಯಾವ ನ್ಯಾಯ?

ನರ್ಸು ಪಟ್ಟಿ ಬದಲಿಸುವಾಗ ಬೆರಳನ್ನು ಈ ಕಡೆ ತಿರುಗಿಸು. ಎತ್ತಲಾಗದಿದ್ದರೆ ಅವಳೇ ಎತ್ತಿ ಹಿಡಿಯಲಿ, ಹೇಳಿದ್ದೇನೆ. ಕನ್ನಡಕ ಒರೆಸಿಕೊಂಡು ಇಲ್ಲೇ ನಿಂತಿರುತ್ತೇನೆ.

ನೂರು ವರ್ಷ ಬಾಳು ಎನ್ನಲು ಇವತ್ತು ಬಾಯಿ ಬರುತ್ತಿಲ್ಲ. ಯಾವ ಅಜ್ಜಿಯೂ ಮೊಮ್ಮಗಳನ್ನು ಹೀಗೆ ಹರಸಿರಲಾರಳು, ಆದರೂ ಹರಸುತ್ತೇನೆ: ಕೀವಾಗಲಿ ಕಂದಾ, ನಿನ್ನ ಬೆರಳಿಗೆ ಕೀವಾಗಲಿ.

ಗಾಜಿನ ಈಚೆಯಿಂದ,
ನಿನ್ನ ಬಾಯಿಬಡುಕಿ ಅಜ್ಜಿ