ಗೊಲಾ ಘಟ್ಟದ ಹಳೇ ರಸ್ತೆ

ಜೂನ್ 8, ಸಂಜೆ. ಚೆಂಗ್ಡು

ಆಕ್ಸಿಜನ್ ಮಷೀನಿನ ಬಾಟಲಿಗೆ ಹೊಸ ನೀರು ಹಾಕಿದೆ. ಫಿಲ್ಟರ್ ತೊಳೆದು ಕಿಟಕಿಯಲ್ಲಿಟ್ಟೆ. ನನ್ನ ಮುದುಕನ ತಮ್ಮ ಬಂದಾಯಿತು, ನಾನು ವಾಪಸು ಬರುವವರೆಗೆ ಇಲ್ಲೇ ಇರುತ್ತಾನೆ. ಅಣ್ಣತಮ್ಮ ಆಗಲೇ ಚದುರಂಗಕ್ಕೆ ಕೂತು ಜಗಳ ಶುರು ಮಾಡಿದ್ದಾರೆ.

ಬ್ಯಾಗಿನಲ್ಲಿ ಸ್ವೆಟರ್, ಬಿಸಿನೀರಿನ ಫ್ಲಾಸ್ಕ್, ಟೂರಿನವರು ಕೊಟ್ಟ ಕೆಂಪು ಟೋಪಿ. ಅಗ್ಗದ ಟೂರ್. ಬೆಟ್ಟಕ್ಕಿಂತ ಅಂಗಡಿಗಳನ್ನೇ ಹೆಚ್ಚು ತೋರಿಸುತ್ತಾರೆ ಎಂದು ಕಟ್ಟಡದವರೆಲ್ಲ ಹೆದರಿಸಿದರು. ತೋರಿಸಲಿ. ಅವರು ಕೊಟ್ಟ ಹಾಳೆಯಲ್ಲಿ ಮೂರನೇ ದಿನ 'ಗೊಲಾ ಘಟ್ಟ ದಾಟುವುದು' ಎಂದಿದೆ. ನನಗೆ ಅಷ್ಟು ಸಾಕು.

ಮುದುಕ ಆ ಘಟ್ಟದ ರಸ್ತೆ ರಿಪೇರಿ ಗ್ಯಾಂಗಿನಲ್ಲಿದ್ದವನು. ಮದುವೆಯಾಗಿ ಹೋದ ನಾನೂ ಅಲ್ಲೇ ಗುದ್ದಲಿ ಹಿಡಿದೆ. ಘಟ್ಟದ ನೆತ್ತಿಯ ಹತ್ತಿರ ಗ್ಯಾಂಗಿನ ಕಲ್ಲುಮನೆ, ತಗಡಿನ ಹೊಗೆಕೊಳವೆ. ಅವನ ಶ್ವಾಸಕೋಶ ಕೆಟ್ಟ ಮೇಲೆ ಕೆಳಗಿಳಿದೆವು. ಇನ್ನು ಅಷ್ಟು ಎತ್ತರದ ಮಾತೇ ಬೇಡ ಎಂದಿದ್ದಾರೆ ಡಾಕ್ಟರು.

"ಮನೆ ನಿಂತಿದೆಯಾ ನೋಡು. ಫೋಟೊ ತೆಗಿ. ನಿನ್ನ ಮುಖ ಬೇಡ, ಮನೇದು ತೆಗಿ."

"ಯಾಕೆ, ನನ್ನ ಮುಖಕ್ಕೇನಾಗಿದೆ?"

"ದಿನಾ ನೋಡ್ತೀನಲ್ಲ."

ಜೂನ್ 9

ಇಡೀ ದಿನ ಬಸ್ಸು. ಒಂಟಿ ಬಂದವರನ್ನು ಇಬ್ಬಿಬ್ಬರಾಗಿ ಒಂದು ರೂಮಿಗೆ ಹಾಕುತ್ತಾರೆ. ನನಗೆ ಸಿಕ್ಕವಳು ಯಿನ್ ಗುಯಿಹುವಾ, ಮಾರ್ಕೆಟ್ಟಿನಲ್ಲಿ ಬಾತುಕೋಳಿ ಮಾರಿ ರಿಟೈರ್ ಆದವಳು. ಫೋಟೊದಲ್ಲಿ ಹಾರಿಸಲಿಕ್ಕೆಂದೇ ಬಣ್ಣಬಣ್ಣದ ರೇಷ್ಮೆ ಶಾಲು ತಂದಿದ್ದಾಳೆ. ಬಾಯಿ ಮಾತ್ರ ಇನ್ನೂ ಮಾರ್ಕೆಟ್ಟಿನಲ್ಲೇ ಇದೆ.

ಗೈಡ್ ಹುಡುಗಿ ಝುವೊ ಮೈಕ್ ಹಿಡಿದು ಆಕ್ಸಿಜನ್ ಡಬ್ಬಿ ಮಾರಿದಳು. "ಅತ್ತೆಯರೇ, ಮಾವಂದಿರೇ, ಮೇಲೆ ಹೋದ್ಮೇಲೆ ತಲೆ ಸುತ್ತಿದ್ರೆ ನನ್ನ ಬೈಬೇಡಿ!" ಎಲ್ಲರೂ ಕೊಂಡರು. ನಾನು ಕೊಳ್ಳಲಿಲ್ಲ.

"ಜಿಪುಣಿ, ಸತ್ತರೆ ರೂಮಲ್ಲಿ ನಾನೊಬ್ಬಳೇ ಮಲಗ್ಬೇಕು," ಅಂದಳು ಗುಯಿಹುವಾ.

"ಇದನ್ನ ಕುಡಿದೇ ಬದುಕಿರೋನೊಬ್ಬ ಮನೇಲಿದ್ದಾನೆ. ರಜೆಯಲ್ಲೂ ಇದೇನಾ?"

ಅವಳು ತನ್ನ ಚೀಲ ಬಿಚ್ಚಿದಳು. ಸೂರ್ಯಕಾಂತಿ ಬೀಜ ಕೊಟ್ಟಳು.

ಊಟಕ್ಕೆ ನಿಲ್ಲಿಸಿದಲ್ಲಿ ರಸ್ತೆ ಮೇಲೆ ಕಲ್ಲು ಬಿದ್ದಿತ್ತು. ಕಾಲಲ್ಲಿ ಅಂಚಿಗೆ ತಳ್ಳಿದೆ. ಗ್ಯಾಂಗಿನವರ ಚಾಳಿ — ಬಿದ್ದ ಕಲ್ಲು ದಾಟಿ ಹೋಗುವವರಲ್ಲ ನಾವು. "ಟೂರಿಗೆ ಬಂದಿದ್ದೀಯೋ, ಕೂಲಿಗೆ ಬಂದಿದ್ದೀಯೋ?" — ಗುಯಿಹುವಾ.

ಜೂನ್ 10. ಕಾಂಗ್ಡಿಂಗ್

ಬೆಳಗ್ಗೆ ಬೆಳ್ಳಿ ಅಂಗಡಿ. ಮಧ್ಯಾಹ್ನ ಚಮರೀಮೃಗದ ಕೊಂಬಿನ ಬಾಚಣಿಗೆ ಅಂಗಡಿ. ಯಾರಾದರೂ ಕೊಳ್ಳುವವರೆಗೆ ಬಿಡುವುದಿಲ್ಲವೆಂದು ಅಂಗಡಿಯವರು ಬಾಗಿಲು ಹೊರಗಿಂದ ಹಾಕಿದರು. ನಮ್ಮ ಬಸ್ಸಿನ ಬೋಳುತಲೆಯವರೊಬ್ಬರು ಬಾಚಣಿಗೆ ಕೊಂಡ ಮೇಲೆ ತೆಗೆದರು. ಬಸ್ಸಿಡೀ ನಕ್ಕಿತು.

ಫೋನ್ ಮಾಡಿದೆ. ಮುದುಕ ಉಸಿರು ಎಳೆದೆಳೆದು ದಾರಿ ಹೇಳಿದ, ನಾನು ಅಲ್ಲಿ ಇದ್ದವಳೇ ಅಲ್ಲ ಎಂಬ ಹಾಗೆ. "ನೆತ್ತಿ ದಾಟಿದ ಕೂಡ್ಲೆ ಎಡಕ್ಕೆ ನೋಡ್ಬೇಕು. ಎಡಗಡೆ ಸೀಟ್ ಹಿಡಿ."

ಗುಯಿಹುವಾಳಿಗೆ ಶಾಲು ಹಾರಿಸಿ ಹದಿನಾರು ಫೋಟೊ ತೆಗೆದುಕೊಟ್ಟು ಕಿಟಕಿ ಸೀಟು ಗಿಟ್ಟಿಸಿದೆ.

ಮಲಗಿದರೂ ಕಿವಿಯಲ್ಲಿ ಆ ಸದ್ದು. ಘಟ್ಟದ ಮನೆಯ ಮುಂದೆ ಒಂದು ಕಬ್ಬಿಣದ ತುಂಡು ನೇತುಹಾಕಿದ್ದೆವು. ಮಂಜು ಮುಸುಕಿದಾಗ ಅವನು ಸುತ್ತಿಗೆಯಿಂದ ಬಡಿಯುತ್ತ ನಿಲ್ಲುತ್ತಿದ್ದ. ಲಾರಿಯವರು ಅದನ್ನು ಕೇಳಿಕೊಂಡೇ ತಿರುವು ಹತ್ತಬೇಕು. ನಾನು ಒಳಗೆ ಆಲೂಗಡ್ಡೆ ಸುಲಿಯುತ್ತ ಕೂರುವುದು. ಸದ್ದು ಬರುತ್ತಿದ್ದರೆ ಅವನಿದ್ದಾನೆ. ನಿಂತರೆ ಚಾಕು ಕೆಳಗಿಟ್ಟು ಕಾಯುವುದು.

ಜೂನ್ 11

ಎಡಗಡೆಯೇ ಕೂತಿದ್ದೆ. ಬುಡದ ಹಳ್ಳಿ ಗುರುತು ಸಿಕ್ಕಿತು, ಹೊಳೆಯೂ. ಫೋನ್ ಕೈಯಲ್ಲಿ. ಇನ್ನೇನು ಹತ್ತಬೇಕು...

ಬಸ್ಸು ನೇರ ಬೆಟ್ಟದ ಹೊಟ್ಟೆಯೊಳಕ್ಕೆ ಹೋಯಿತು.

ಸುರಂಗ ಆಗಿದೆಯೆಂದು ಗೊತ್ತಿತ್ತು. ಲಾರಿಗಳಿಗೆ ಅಂದುಕೊಂಡಿದ್ದೆ. ಬೆಟ್ಟ ನೋಡಲು ಬಂದವರನ್ನು ಮೇಲಿನಿಂದಲೇ ಕರೆದೊಯ್ಯುತ್ತಾರೆ ಎಂದು. 'ದಾಟುವುದು' ಎಂದರೆ ನಮಗೆ ಮೇಲೆ ಹತ್ತಿ ಇಳಿಯುವುದೇ; ಬೇರೆ ದಾಟುವಿಕೆ ನಮ್ಮ ಕಾಲದಲ್ಲಿ ಇರಲಿಲ್ಲ.

ಹಳದಿ ದೀಪಗಳು. ಕಿಟಕಿಯಲ್ಲಿ ನನ್ನದೇ ಮುಖ. ಅವನು ಬೇಡ ಎಂದ ಮುಖ. ಮನೆ ಎಲ್ಲೋ ನನ್ನ ತಲೆಯ ಮೇಲೇ ಇದ್ದಿರಬೇಕು.

ಹೊರಬಂದ ಮೇಲೆ ಗೈಡನ್ನು ಕೇಳಿದೆ.

"ಹಳೇ ರಸ್ತೇನಾ? ಬಸ್ಸು ಬಿಡಲ್ಲ ಅತ್ತೆ. ಗೇಟ್ ಹಾಕಿದ್ದಾರೆ. ಮೇಲೆ ಏನಿದೆ ಈಗ?"

"ನನ್ನ ಮನೆ."

ಪಾಪ, ಅವಳು ಮೈಕಿನ ವೈರು ಸುತ್ತತೊಡಗಿದಳು. ಡ್ರೈವರ್ ಟಾನ್, ಎಲ್ಲರ ಬಾಯಲ್ಲಿ ಟಾನ್ ಮೇಸ್ತ್ರಿ, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ.

ಮುದುಕನ ಫೋನ್ ಬಂತು. ತೆಗೆಯಲಿಲ್ಲ.

ಜೂನ್ 12

ಹುಲ್ಲುಗಾವಲು. ಸರೋವರ. ಕುದುರೆ. ಎಲ್ಲರೂ ಚೆಂದ ಅಂದರು. ಚೆಂದವೇ ಇರಬೇಕು.

ಮೂರು ಸಲ ಫೋನ್ ಬಂತು. 'ಸಿಗ್ನಲ್ ಇಲ್ಲ' ಎಂದು ಮೆಸೇಜ್ ಕಳಿಸಿದೆ. 'ಮೆಸೇಜಿಗೆ ಸಿಗ್ನಲ್ ಇದೆಯಾ?' ಎಂದು ಬರೆದ.

ಜೂನ್ 13, ಮಧ್ಯಾಹ್ನ. ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ

ವಾಪಸು ದಾರಿ. ಸುರಂಗದ ಬಾಯಿ ಕಂಡಿತು. ಕಣ್ಣು ಮುಚ್ಚಿಕೊಂಡೆ. ಬಸ್ಸು ನಿಂತಿತು.

"ಬ್ರೇಕ್ ಬಿಸಿಯಾಗಿದೆ, ನೀರು ಹೊಡೀಬೇಕು. ಅರ್ಧ ಗಂಟೆ," ಅಂದ ಟಾನ್ ಮೇಸ್ತ್ರಿ.

"ಮುಂದಿನ ಔಷಧಿ ಅಂಗಡಿಯವರು ಕಾಯ್ತಿದ್ದಾರೆ ಮೇಸ್ತ್ರಿ!" ಗೈಡ್ ಅಳುವುದೊಂದು ಬಾಕಿ.

"ಹಾಗಾದ್ರೆ ನೀನೇ ಓಡ್ಸಮ್ಮ."

ಹತ್ತಿಕೊಂಡು ಬಂದ ಬಸ್ಸಿಗೆ ಬ್ರೇಕ್ ಬಿಸಿಯಾಗುವುದುಂಟೇ? ಬಸ್ಸಿಳಿದೆ. ಮೇಸ್ತ್ರಿ ಪೈಪ್ ಹಿಡಿದು ತಣ್ಣಗಿದ್ದ ಚಕ್ರಕ್ಕೆ ನೀರು ಹೊಡೆಯುತ್ತ, ನನ್ನ ಕಡೆ ನೋಡದೆ, ಗದ್ದದಲ್ಲಿ ಗೇಟಿನ ಕಡೆ ತೋರಿಸಿದ. ಹಳೇ ರಸ್ತೆ ಅಲ್ಲಿಂದಲೇ ಮೇಲಕ್ಕೆ.

ಗೇಟಿನ ಪಕ್ಕ ಒಬ್ಬರು ನುಸುಳುವಷ್ಟು ಸಂದಿ. ಗುಯಿಹುವಾ ಹಿಂದೆಯೇ ಬಂದಳು, ಆಕ್ಸಿಜನ್ ಡಬ್ಬಿ ಕೈಯಲ್ಲಿ. "ಬಿದ್ದರೆ ಯಾರು ಹೊರ್ತಾರೆ ನಿನ್ನ?"

ಮನೆ ಕಾಣುವುದಿಲ್ಲ. ನೆತ್ತಿ ಮೋಡದಲ್ಲಿತ್ತು. ಅಲ್ಲಿಗೆ ನಡೆದರೆ ಸಂಜೆಯಾದೀತು. ಮೊದಲ ತಿರುವಿನವರೆಗೆ ಹೋಗಬಹುದು, ಅಷ್ಟೇ.

ಟಾರು ಬಿರಿದು ಹುಲ್ಲು ಬಂದಿದೆ. ಎಲ್ಲೆಲ್ಲೂ ಬಿದ್ದ ಕಲ್ಲು. ಒಂದನ್ನು ತಳ್ಳಿದೆ. ಇನ್ನೊಂದು. ದೊಡ್ಡದಕ್ಕೆ ಕೂತು ಎರಡು ಕಾಲೂ ಕೊಟ್ಟೆ. ಎದೆ ಡಬಡಬ.

"ಹುಚ್ಚೀ, ಈ ರಸ್ತೇಲಿ ಯಾರು ಬರ್ತಾರೆ?"

"ಯಾರೂ ಬರಲ್ಲ."

"ಮತ್ತೆ?"

ನಾನು ತಳ್ಳುತ್ತ ಹೋದೆ. ಸ್ವಲ್ಪ ಹೊತ್ತು ಬೈಯುತ್ತ ನಿಂತಿದ್ದಳು. ಆಮೇಲೆ ಶಾಲು ಸೊಂಟಕ್ಕೆ ಬಿಗಿದು ಅವಳೂ ಶುರು ಮಾಡಿದಳು. ಎಲ್ಲ ಕಲ್ಲನ್ನೂ ಒಳಗಡೆ, ಬೆಟ್ಟದ ಬದಿಗೇ ಉರುಳಿಸುತ್ತಿದ್ದಳು, ಪೆದ್ದಿ. ಹೊರಗೆ, ಕಣಿವೆಗೆ ಎಂದು ತೋರಿಸಿದೆ.

ತಿರುವು ಮುಟ್ಟಿದೆವು. ಹಿಂದೆ ತಿರುಗಿದರೆ ರಸ್ತೆ ಸ್ವಚ್ಛ. ಒಂದು ಲಾರಿ ಸಲೀಸಾಗಿ ಬರಬಹುದು.

ಮೇಲೆ ನೋಡುತ್ತ ನಿಂತೆ. ಮೋಡ ಸರಿಯಲಿಲ್ಲ. ಕಿವಿಗೊಟ್ಟೆ ಕೂಡ. ಬರೀ ಗಾಳಿ.

ಕೆಳಗಿಂದ ಹಾರ್ನ್. ಮೇಸ್ತ್ರಿ ಹೊಡೆದದ್ದು ಬಹಳ ಮೆಲ್ಲಗೆ.

ಜೂನ್ 14. ಮನೆ

ಮುದುಕ ಕೈ ಚಾಚಿಕೊಂಡೇ ಕೂತಿದ್ದ. "ಫೋಟೊ?"

"ಇಲ್ಲ. ಮೇಲೆ ಹೋಗಲೇ ಇಲ್ಲ. ಸುರಂಗ."

ಮಷೀನ್ ಗುರುಗುಟ್ಟುತ್ತಿತ್ತು. ಅವನ ತಮ್ಮ ಚದುರಂಗದ ಕಾಯಿ ಎತ್ತಿದವನು ಹಾಗೇ ಹಿಡಿದುಕೊಂಡ.

"ಹಾಗಾದ್ರೆ," ಮುದುಕ ಅಂದ, "ಚಳಿಗಾಲದಲ್ಲಿ ಈಗ ಅಲ್ಲಿ ಯಾರೂ ಹಿಮ ಎತ್ಬೇಕಾಗಿಲ್ಲ."

"ಇಲ್ಲ."

"ಒಳ್ಳೇದಾಯ್ತು." ಗೋಡೆಯ ಕಡೆ ತಿರುಗಿದ. ಭುಜ ಅಲುಗುತ್ತಿತ್ತು. ಕೆಮ್ಮು ಅಂದುಕೊಳ್ಳಲಿ ಎಂದು ಕೆಮ್ಮಿದ.

"ಮೊದಲ ತಿರುವಿನವರೆಗೆ ಕಲ್ಲು ತೆಗೆದೆ," ಅಂದೆ.

ತಟ್ಟನೆ ಈ ಕಡೆ ತಿರುಗಿದ. "ಚರಂಡಿ?"

"ಏನು?"

"ಒಳಬದಿ ಚರಂಡಿ. ಕಟ್ಟಿಕೊಂಡಿತ್ತಾ?"

"ನೋಡಲಿಲ್ಲ."

"ನೋಡಲಿಲ್ಲ! ಕಲ್ಲು ತೆಗೆದು ಚರಂಡಿ ಬಿಟ್ಟು ಬಂದಳಂತೆ. ಮಳೆ ಬಂದ್ರೆ ರಸ್ತೆ ಉಳಿಯುತ್ತಾ? ಇಷ್ಟು ವರ್ಷ ಏನು ಕಲಿತೆ ನೀನು?"

ಬೈದೇ ಬೈದ. ಎಷ್ಟೋ ದಿನದ ಮೇಲೆ ಅಷ್ಟು ಉದ್ದ ಮಾತಾಡಿದ್ದು. ನೂಡಲ್ಸ್ ಪೂರ್ತಿ ತಿಂದ.

ಜೂನ್ 22, ಮಧ್ಯಾಹ್ನ

ಉಸಿರು ಕಟ್ಟಿ ಮುದುಕ ನಿನ್ನೆಯವರೆಗೆ ಆಸ್ಪತ್ರೆಯಲ್ಲಿದ್ದ. ಈಗ ಮಷೀನ್ ಒಂದು ಗೆರೆ ಜಾಸ್ತಿ ಇಡಬೇಕಂತೆ. ಗುಯಿಹುವಾ ಬಾತುಕೋಳಿ ಸಾರು ತಂದು, ಬಾಗಿಲಲ್ಲೇ ಬೈದು, ಕೊಟ್ಟು ಹೋದಳು.

ಅವನು ಮಲಗಿದ್ದಾನೆ. ಮಂಚದ ಪಕ್ಕ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆ. ನಿದ್ದೆಯಲ್ಲೇ ಬಲಗಾಲು ಅಲುಗಿತು. ಪಾದ ಅಡ್ಡ ಮಾಡಿ, ಮೆಲ್ಲಗೆ, ರಸ್ತೆಯ ಕಲ್ಲನ್ನೆಂಬಂತೆ ಹೊರಗಡೆಗೆ ತಳ್ಳಿದ. ಸ್ವಲ್ಪ ಬಿಟ್ಟು ಮತ್ತೆ. ಹೊದಿಕೆ ಜಾರಿತು. ಸರಿಮಾಡಲು ಹೋಗಿ ಕೈ ಹಿಂತೆಗೆದೆ.

ಎಬ್ಬಿಸಲಿಲ್ಲ. ಇನ್ನೂ ಎಷ್ಟು ತಿರುವು ಬಾಕಿಯಿದೆಯೋ, ಹತ್ತಲಿ. ಮಷೀನಿನ ಸದ್ದು ಬರುತ್ತಿದೆ. ಚಾಕು ಎಡಗೈಯಲ್ಲೇ ಇದೆ, ಕೆಳಗಿಟ್ಟಿಲ್ಲ. ಸದ್ದು ಬರುತ್ತಿರುವವರೆಗೆ ನಾನು ಸುಲಿಯುತ್ತಿರುತ್ತೇನೆ.